ಕಾಲಯಂತ್ರದವರ ಮುಯ್ಯಾಳು

ರೋಹಿಣಿ ಮಳೆ ಹುಟ್ಟಿ ವಾರ ಕಳೆದಿದ್ದರೂ ಹನಿ ಬಿದ್ದಿರಲಿಲ್ಲ. ಮಧ್ಯಾಹ್ನವಾದರೆ ಪಡುವಣದಿಂದ ಗಾಳಿ ಎದ್ದು, ಕಾರ್ಖಾನೆಗಳ ಎಣ್ಣೆವಾಸನೆ ಹೊತ್ತು, ಚಿಂಚವಾಡದ ಹಿಂದಿನ ಗುಡ್ಡದ ತಗಡಿನ ಮನೆಗಳನ್ನು ಬಡಿದು ಹೋಗುತ್ತಿತ್ತು. ಆ ಆಯ್ತವಾರ ಬೆಳಕು ಹರಿಯುವ ಮೊದಲೇ ನಾಗವ್ವ ಉಸುಕು ಸೋಸುತ್ತಿದ್ದಳು. ಅವಳ ಗಂಡ ಮಲಕಪ್ಪ ಗೋಡೆಯ ಮೇಲೆ ನಿಂತು, ಕಟ್ಟಿದ ಕಬ್ಬಿಣದ ಸಳಿಯ ಜಾಳಿಗೆಯ ಕೆಳಗಿನ ತಗಡುಗಳಿಗೆ ನೀರು ಹೊಡೆಯುತ್ತಿದ್ದ. ಹೊಡೆಯುವುದಕ್ಕಿಂತ ಹೆಚ್ಚು ಹೊತ್ತು ಮುಗಿಲನ್ನೇ ನೋಡುತ್ತಿದ್ದ.

"ಮುಗಿಲೇನು ನಿನ್ನ ಮಾತ ಕೇಳ್ತದೇನು? ನೀರ ಹೊಡಿ," ಎಂದಳು ನಾಗವ್ವ.

ಆವತ್ತು ಅವರ ಮನೆಯ ಸ್ಲ್ಯಾಬು. ಮನೆಯೆಂದರೆ ಒಂದೇ ಕೋಣೆ. ಅಫಜಲಪುರದ ಕಡೆಯಿಂದ ಈ ಮರಾಠಿ ಊರಿಗೆ ದುಡಿಯಲು ಬಂದಾಗಿನಿಂದ ಊರವರ ತಲೆಯ ಮೇಲೆಲ್ಲ ಸ್ಲ್ಯಾಬು ಹಾಕಿದವರು ತಾವು ಮಾತ್ರ ತಗಡಿನ ಕೆಳಗೇ ಬೆಂದಿದ್ದರು. ಸ್ಲ್ಯಾಬಿಗೆ ಒಂದು ಗುಣವಿದೆ. ಹಾಕಿದರೆ ಒಂದೇ ದಮ್ಮಿಗೆ ಹಾಕಬೇಕು. ಅರ್ಧಕ್ಕೆ ನಿಲ್ಲಿಸಿ ನಾಳೆ ಮುಂದುವರಿಸಿದರೆ ನಿನ್ನೆಯದೂ ನಾಳೆಯದೂ ಒಂದಾಗುವುದಿಲ್ಲ. ಕೂಡಿದ ಗೆರೆಯಲ್ಲಿ ಮಳೆಗಾಲವೆಲ್ಲ ನೀರು ಇಳಿಯುತ್ತದೆ. ಅದಕ್ಕೇ ಕೈಗಳು ಬೇಕು. ಅವರ ಜೊತೆ ದುಡಿಯುವ ಗ್ಯಾಂಗಿನವರು ಮಿರಗದ ಮಳೆಯ ಬಿತ್ತನೆಗೆ ಮರುದಿನವೇ ಊರಿಗೆ ಹೊರಟಿದ್ದರು. ಆಗುವುದಾದರೆ ಇವತ್ತೇ ಆಗಬೇಕು.

ಗ್ಯಾಂಗಿನವರು ಬಂದದ್ದು ಕೂಲಿಗಲ್ಲ, ಮುಯ್ಯಾಳಿಗೆ. ಊರಲ್ಲಿ ಒಬ್ಬರ ಹೊಲಕ್ಕೆ ಒಬ್ಬರು ಹೋಗುವಂತೆ ಇಲ್ಲಿಯೂ ಒಬ್ಬರ ಗೋಡೆಗೆ ಒಬ್ಬರು ಹೋಗುತ್ತಿದ್ದರು. ಒಂದು ದಿನ ದುಡಿಸಿಕೊಂಡವನು ಒಂದು ದಿನ ದುಡಿದು ತೀರಿಸಬೇಕು. ಮುಯ್ಯಾಳು ಉಳಿಸಿಕೊಂಡವನ ಮನೆಯಲ್ಲಿ ಯಾರೂ ನೀರು ಕುಡಿಯುತ್ತಿರಲಿಲ್ಲ. ನಾಗವ್ವನ ಲೆಕ್ಕದಲ್ಲಿ ಆವತ್ತು ಇನ್ನೊಂದು ಗುಂಪೂ ಬರಬೇಕಾಗಿತ್ತು. ಅವರು ಸಿನಿಮಾದವರು.

ಸಿನಿಮಾದವರು ಅವರ ಪಾಲಿಗೆ ಬಂದದ್ದು ಚಳಿಗಾಲದಲ್ಲಿ. ಗ್ಯಾಂಗು ಕೆಲಸ ಮಾಡುತ್ತಿದ್ದ ಕಟ್ಟಡ ಏನೋ ತಕರಾರಿನಲ್ಲಿ ಅರ್ಧಕ್ಕೆ ನಿಂತಿತ್ತು. ಅಲ್ಲಿಗೆ ಸಿನಿಮಾ ತೆಗೆಯಲು ಅವಧೂತನೆಂಬ ಹುಡುಗ ಬಂದ. ಸದಾಶಿವ ಪೇಠದಲ್ಲಿ ಅವನ ಅಜ್ಜನ ಹಳೆಯ ವಾಡೆ ಇತ್ತಂತೆ. ಅದನ್ನು ಬಿಲ್ಡರನಿಗೆ ಕೊಟ್ಟು ಬಂದ ಫ್ಲ್ಯಾಟುಗಳಲ್ಲೊಂದರಲ್ಲಿ ಕೂತು ಅವನು ಬಡತನದ ಬಗ್ಗೆ ಯೋಚನೆ ಮಾಡುತ್ತಿದ್ದ. ಸಿನಿಮಾಕ್ಕೆ ಅವನ ಹತ್ತಿರ ದುಡ್ಡಿರಲಿಲ್ಲ. ದುಡ್ಡಿಲ್ಲವೆಂಬುದನ್ನೇ ಪದಕದಂತೆ ಎದೆಗೆ ತೂಗುಹಾಕಿಕೊಂಡು ತಿರುಗುತ್ತಿದ್ದ. ಅವನ ಮರಾಠಿಯನ್ನು ದೀಪಾಲಿ ಎಂಬ ಹುಡುಗಿ ಕನ್ನಡಕ್ಕೆ ತಿರುಗಿಸುತ್ತಿದ್ದಳು. ಬೆಳಗಾವಿ ಕಡೆಯ ಕಾರಕೂನರೊಬ್ಬರ ಮಗಳು, ಅವಧೂತನ ಸಹಾಯಕಿ. ನಾಗವ್ವನಿಗೆ ಮರಾಠಿ ಚೆನ್ನಾಗಿಯೇ ಬರುತ್ತಿತ್ತು. ಒಂದೇ ಮಾತನ್ನು ಎರಡು ಸಲ ಕೇಳಿದರೆ ಅದರೊಳಗಿನ ಸುಳ್ಳು ತಿಳಿಯುತ್ತದೆಂದು ಸುಮ್ಮನಿದ್ದಳು.

"ಒಬ್ಬಾಂವ ಕಾಲದಾಗ ಹಿಂದಕ್ಕ ಹೋಗ್ತಾನ್ರೀ," ಎಂದು ದೀಪಾಲಿ ಕತೆ ಹೇಳಿದಳು. "ಹಿಂದ ಒಂದು ಹುಡುಗಿಗೆ ಹೇಳಬೇಕಾದ ಮಾತು ಹೇಳಿರಂಗಿಲ್ಲ. ಅದನ್ನ ಹೇಳಿ ಬರಾಕ."

"ಅಕಿ ಸತ್ತಾಳೇನು?" ಕೇಳಿದಳು ನಾಗವ್ವ.

"ಇಲ್ರೀ. ಅದಾಳ."

"ಮತ್ತ ಫೋನ್ ಮಾಡಿದ್ರ ಆಗ್ತಿತ್ತಿಲ್ಲ? ಇಷ್ಟಕ್ಕ ಹಿಂದಿನ ಕಾಲಕ್ಕ ಯಾಕ ಹೋಗಬೇಕು?"

ಗ್ಯಾಂಗಿನವರು ನಕ್ಕರು. ಅವಧೂತನೂ ನಕ್ಕ, ನಕ್ಕು, ಇಂಥವರ ಸರಳತೆಯೇ ತನಗೆ ಬೇಕಾದದ್ದು ಎಂದ. ನಾಗವ್ವನಿಗೆ ಅವನ ಮೇಲೆ ತಾತ್ಸಾರ ಹುಟ್ಟಿದ್ದು ಆಗಲೇ.

ಅವನಿಗೆ ಬೇಕಾಗಿದ್ದು ಕಾಲಯಂತ್ರ. ಗ್ಯಾಂಗಿನವರೆಲ್ಲ ಸೇರಿ ಕೊಂಡಿದ್ದ ಹಳೆಯ ಮಿಕ್ಸರು ಮೂಲೆಯಲ್ಲಿ ನಿಂತಿತ್ತು. ಜಲ್ಲಿಯ ಖಡಿ, ಉಸುಕು, ಸಿಮೆಂಟು ಕಲಸುವ ಅದರ ಡ್ರಮ್ಮನ್ನು ನೋಡಿ ಅವಧೂತ ದೇವರನ್ನು ಕಂಡವನಂತೆ ಕೈಮುಗಿದ. ಅದನ್ನು ಕೊಡಬೇಕು, ನಾಲ್ಕನೆಯ ಮಹಡಿಗೆ ಏರಿಸಿಕೊಡಬೇಕು, ಒಂದು ದಿನ ಎಲ್ಲರೂ ಕ್ಯಾಮೆರಾದ ಮುಂದೆ ನಿಲ್ಲಬೇಕು. ಕೂಲಿ ಕೊಡಲಾಗುವುದಿಲ್ಲ, ನಾವೂ ನೀವೂ ಒಂದೇ ಮನೆಯವರು ಎಂದ.

ಮಲಕಪ್ಪ ಹೂಂ ಅನ್ನುವವನಿದ್ದ. ನಾಗವ್ವ ಅವನನ್ನು ತಡೆದಳು.

"ಕೇಳವಾ ದೀಪಾಲಿ, ಪುಕ್ಕಟೆ ನಾವು ಯಾರಿಗೂ ಮಾಡಂಗಿಲ್ಲ. ಯಾರ ಕೈಲೂ ಮಾಡಿಸ್ಕೊಳ್ಳಂಗಿಲ್ಲ. ಮುಯ್ಯಾಳು ಅಂದ್ರ ಬರ್ತೀವಿ. ಬ್ಯಾಸಗಿಗೆ ನಮ್ಮದೊಂದು ಸ್ಲ್ಯಾಬ್ ಅದ. ಆವತ್ತು ನಿಮ್ಮ ಮಂದಿ ಬಂದು ಕಲಸಿದ ಮಾಲಿನ ಪುಟ್ಟಿ ಹೊರಬೇಕು. ನೆಟ್ಟಗ ತಿಳಿಸಿ ಹೇಳು."

ದೀಪಾಲಿ ತಿಳಿಸಿಯೇ ಹೇಳಿದಳು. ಅವಧೂತನಿಗೆ ಆ ಪದ್ಧತಿ ಎಷ್ಟು ಹಿಡಿಸಿತೆಂದರೆ ತನ್ನ ಮಂದಿಯನ್ನೆಲ್ಲ ಕರೆದು ಮತ್ತೆ ಮತ್ತೆ ಹೇಳಿಸಿದ. ಮಲಕಪ್ಪನ ಕೈಹಿಡಿದು ಕುಲುಕಿದ. "ಪಕ್ಕಾ! ನಾವೆಲ್ಲರೂ ಬರುತ್ತೇವೆ," ಎಂದ.

ಗ್ಯಾಂಗಿನವರ ಒಂದು ದಿನದ ದುಡಿತ ಅವರಿಗೆ ಹೋಯಿತು. ಡ್ರಮ್ಮನ್ನು ಬಿಚ್ಚಿ, ಹಗ್ಗ ಹಾಕಿ, ಮೆಟ್ಟಿಲಿಗೊಂದು ಉಸಿರು ಬಿಟ್ಟು ಮೇಲೇರಿಸಿದರು. ಕ್ಯಾಮೆರಾದವನ ಹುಡುಗರು ಅದಕ್ಕೆ ಬೆಳ್ಳಿಬಣ್ಣ ಬಳಿದು, ಮದುವೆ ಮಂಟಪದ ಬಲ್ಬು ಸುತ್ತಿದರು. ಸುಂದರನೆಂಬ ಹೀರೋ ಅದರೊಳಗೆ ಮಂಡಿ ಮಡಚಿ ಕೂತ. ನಾಗವ್ವನ ಮಂದಿಗೆ ಗೋಣಿಚೀಲ ಉಡಿಸಿ, ಮುಖಕ್ಕೆ ಬೂದಿ ಹಚ್ಚಿ, ಯಂತ್ರ ಮೊದಲು ದಾರಿ ತಪ್ಪಿ ಮುಂದಿನ ಕಾಲಕ್ಕೆ ಹೋಗುತ್ತದೆ, ನೀವು ಇನ್ನೂರು ವರ್ಷ ಮುಂದಿನ ಜನ ಎಂದರು.

"ಅಲ್ಲಪಾ," ಎಂದಳು ನಾಗವ್ವ, "ಇನ್ನೂರ ವರ್ಷ ಆದಮ್ಯಾಲೂ ಗೋಣಿಚೀಲ ನಮಗs ಏನು? ನಿನ್ನ ಮೊಮ್ಮಕ್ಕಳು ಏನ್ ಉಟ್ಟಿರ್ತಾರ?"

ಅದನ್ನು ದೀಪಾಲಿ ಮರಾಠಿಗೆ ತಿರುಗಿಸಲಿಲ್ಲ.

ಮಿಕ್ಸರು ಇವತ್ತು ನಾಳೆ ಎನ್ನುತ್ತ ಅವರಲ್ಲೇ ಉಳಿದು, ಸ್ಲ್ಯಾಬಿನ ಹಿಂದಿನ ಸಂಜೆ ಟೆಂಪೋದಲ್ಲಿ ಬಂದಿಳಿಯಿತು. ಬಾಯಿಗೆ ಪ್ಲಾಸ್ಟಿಕ್ಕು ಬಿಗಿದು ಕಟ್ಟಿದ್ದರು. ಬಂತಲ್ಲ ಎಂಬ ಸಮಾಧಾನದಲ್ಲಿ ಯಾರೂ ಬಿಚ್ಚಿ ನೋಡಲಿಲ್ಲ.

ಈಗ, ತೆಂಗಿನಕಾಯಿ ಒಡೆದು, ಸಳಿಗೆ ಕುಂಕುಮ ಹಚ್ಚಿದ ಮೇಲೆ, ಮಲಕಪ್ಪನ ತಂಗಿಯ ಮಗ ಲಾಲಪ್ಪ ಇಂಜಿನ್ನು ಚಾಲೂ ಮಾಡಿದ. ಬೆಳ್ಳಿಯ ಡ್ರಮ್ಮು ಮದುಮಗನಂತೆ ಹೊಳೆಯುತ್ತ ತಿರುಗತೊಡಗಿತು. ಉಸುಕು, ಖಡಿ, ಸಿಮೆಂಟು, ನೀರು ಎಲ್ಲ ಸುರಿದರು. ಎಷ್ಟು ಹೊತ್ತಾದರೂ ಉಸುಕು ಉಸುಕಾಗಿಯೇ, ಸಿಮೆಂಟು ಸಿಮೆಂಟಾಗಿಯೇ ಜಾರುತ್ತಿತ್ತು. ಲಾಲಪ್ಪ ನಿಲ್ಲಿಸಿ ತಲೆ ಒಳಗೆ ಹಾಕಿದ.

"ಮಾವ, ರೆಕ್ಕಿ ಇಲ್ಲ! ಬುಡಸಮೇತ ಕೊಯ್ದಾರ. ಸ್ಪಂಜ ಹಚ್ಯಾರ ಒಳಗ, ಹಾಸಗಿ ಸ್ಪಂಜ!"

ಕಲಸುವ ರೆಕ್ಕೆಗಳಿಲ್ಲದ ಮಿಕ್ಸರು ಬರೀ ತಿರುಗುತ್ತದೆ, ಅಷ್ಟೆ. ನಾಗವ್ವ ಸ್ಪಂಜಿನ ಒಂದು ತುಂಡು ಕಿತ್ತು ಕೈಯಲ್ಲಿ ಹಿಡಿದೇ ದೀಪಾಲಿಗೆ ಫೋನು ಮಾಡಿದಳು.

"ಅಯ್ಯ, ಅವ್ವಾ, ಸುಂದರಗ ಬೆನ್ನಿಗೆ ಚುಚ್ಚತಿತ್ರೀ," ಎಂದಳು ದೀಪಾಲಿ. "ನಾ ಬ್ಯಾಡ ಅಂದೆ..."

"ಚುಚ್ಚಿದ್ದಕ್ಕ ಕೊಯ್ದ್ರಿ. ಇರಲಿ. ಇನ್ನ ಕೈಲೇ ಕಲಸಬೇಕು. ನಿಮ್ಮ ಮುಯ್ಯಾಳು ಬರಲಿ. ಎಲ್ಲಾರೂ ಅಂದಿದ್ರಿ, ಎಲ್ಲಾರೂ."

ಮಳೆ ಹತ್ತಿರ ಬಂದಿದ್ದರಿಂದ ಬಾಡಿಗೆಯ ಮಿಕ್ಸರು ಎಲ್ಲೂ ಇರಲಿಲ್ಲ. ಗಂಡಸರು ನೆಲದ ಮೇಲೆಯೇ ಸಲಿಕೆ ಹಿಡಿದು ಕಲಸಲು ನಿಂತರು. ಕಲಸುವುದಕ್ಕೆ ಹೋದ ಕೈಗಳು ಹೊರುವುದಕ್ಕೆ ಸಾಲದಾದವು. ಬಿಸಿಲೇರುವ ಹೊತ್ತಿಗೆ ಕೋಣೆಯ ಒಂದು ಮೂಲೆಯಷ್ಟೇ ತುಂಬಿತ್ತು.

ಆಗ ಕಾರೊಂದು ಬಂದು ನಿಂತಿತು. ಎಲ್ಲರೂ ಎಂದರೆ ನಾಲ್ವರು: ಅವಧೂತ, ಕರಿಕನ್ನಡಕದ ಸುಂದರ, ಕ್ಯಾಮೆರಾದವನು, ದೀಪಾಲಿ. ಕ್ಯಾಮೆರಾ ಬಂದಿತ್ತು. ಅವಧೂತ ನಿಚ್ಚಣಿಕೆಯ ಮೇಲೆ ಸಾಲುಹಿಡಿದು ನಿಂತ ಹೆಂಗಸರನ್ನೂ ಕೈಯಿಂದ ಕೈಗೆ ಏರುತ್ತಿದ್ದ ಪುಟ್ಟಿಗಳನ್ನೂ ನೋಡಿದ. ಅವನ ಕಣ್ಣು ತುಂಬಿ ಬಂತು. ತನ್ನ ಸಿನಿಮಾಕ್ಕೆ ಇಷ್ಟು ದಿನ ಹುಡುಕುತ್ತಿದ್ದ ಕೊನೆಯ ದೃಶ್ಯ ಇದೇ ಎಂದ.

"ಎಲ್ಲರೂ ಒಂದು ನಿಮಿಷ ನಿಲ್ಲಿ," ಎಂದು ಕೂಗಿದ. "ಆ ಪುಟ್ಟಿ ಕೆಳಗೆ ಬರಲಿ. ಮತ್ತೆ ಮೊದಲಿನಿಂದ ಮೇಲೆ ಹೋಗಲಿ."

ಸಾಲು ತಬ್ಬಿಬ್ಬಾಗಿ ನಿಂತಿತು. ಮೇಲಿದ್ದ ಒಬ್ಬಳು ನಿಜವಾಗಿಯೂ ತುಂಬಿದ ಪುಟ್ಟಿಯನ್ನು ಕೆಳಗೆ ಕೊಡಲು ಬಗ್ಗಿದಳು.

ನಾಗವ್ವ ಅದನ್ನು ಅರ್ಧದಲ್ಲೇ ಇಸಿದುಕೊಂಡು ಬಂದು ಅವಧೂತನ ಎದೆಗೆ ಒತ್ತಿದಳು. "ಹಿಂದಕ್ಕ ಹೋಗೂದು ನಿನ್ನ ಡಬ್ಬ್ಯಾಗ. ಇಲ್ಲಿ ಮಾಲು ಮ್ಯಾಲೆ ಹೋಗ್ತದ. ಹೊರು."

ಹೊತ್ತ. ಅಷ್ಟನ್ನಾದರೂ ಒಪ್ಪಲೇಬೇಕು. ಅಂಗಿಯ ಮೇಲೆ ಸಿಮೆಂಟಿನ ನೀರು ಇಳಿಯುತ್ತಿದ್ದಂತೆ ಮೊದಲ ಪುಟ್ಟಿಗೆ ನಕ್ಕ, ಎರಡನೆಯದಕ್ಕೆ ಕ್ಯಾಮೆರಾದವನಿಗೆ ಸನ್ನೆ ಮಾಡಿದ, ಆಮೇಲಿನದನ್ನು ನಿಚ್ಚಣಿಕೆಯ ಬುಡದಲ್ಲಿಟ್ಟು ಸೊಂಟ ಹಿಡಿದುಕೊಂಡ. ಸುಂದರನ ತೋಳುಗಳು ನೋಡಲು ಗೂಳಿಯ ಹೆಗಲಿನಂತಿದ್ದವು. ಸಲಿಕೆ ಹಿಡಿದು ಸ್ವಲ್ಪ ಹೊತ್ತಿಗೆಲ್ಲ ಅಂಗೈ ನೋಡಿಕೊಳ್ಳುತ್ತ ಕಾರಿನ ನೆರಳಿಗೆ ಹೋದ.

"ಅತ್ತಿ," ಎಂದ ಲಾಲಪ್ಪ, "ಹೀರೋಗ ಇನ್ನಷ್ಟು ಸ್ಪಂಜ ಬೇಕಂತ."

ದೀಪಾಲಿ ಮಾತ್ರ ಓಢಣಿಯನ್ನು ತಲೆಯ ಮೇಲೆ ಸಿಂಬಿ ಸುತ್ತಿ ಸಾಲಿನಲ್ಲಿ ನಿಂತಿದ್ದಳು. ಅವಳ ಪುಟ್ಟಿಯಿಂದ ಅರ್ಧ ಮಾಲು ದಾರಿಯಲ್ಲೇ ಚೆಲ್ಲುತ್ತಿತ್ತು. ಹಿಂದಿನವಳು ಬೈಯುತ್ತಿದ್ದಳು. ಅವಳು ಬೈಸಿಕೊಳ್ಳುತ್ತ ಹೊರುತ್ತಿದ್ದಳು.

ಹೊತ್ತು ಇಳಿಯುವಾಗ ಪಡುವಣ ಕಪ್ಪಾಯಿತು. ಕೋಣೆಯ ಅರ್ಧದಷ್ಟು ಇನ್ನೂ ಬಾಕಿ ಇತ್ತು. ಅವಧೂತ ಗಡಿಯಾರ ನೋಡಿಕೊಂಡ. ಬೆಳಕು ಹೋಗುವ ಮೊದಲು ನದಿಯ ಹತ್ತಿರ ಇನ್ನೊಂದು ದೃಶ್ಯ ತೆಗೆಯಬೇಕಿತ್ತು. ಅವನು ಮಲಕಪ್ಪನ ಹತ್ತಿರ ಹೋಗಿ ಫೋನು ತೆಗೆದು, ಕೂಲಿಯವರು ನಿಲ್ಲುವ ನಾಕಾದಿಂದ ನಾಲ್ಕು ಆಳು ಕರೆಸಿಕೊಳ್ಳಿ, ಅವರ ಕೂಲಿ ಈಗಲೇ ಕಳಿಸುತ್ತೇನೆ ಎಂದ.

ಮಲಕಪ್ಪ ಮುಗಿಲು ನೋಡಿದ, ಸ್ಲ್ಯಾಬು ನೋಡಿದ. "ತಗೊಳ್ಳೂಣು," ಎಂದ ಹೆಂಡತಿಗೆ. "ನಾಕ ಮಂದಿ ಸಿಕ್ರ ಮಳಿಗಿಂತ ಮೊದಲ ಮುಗೀತದ. ನಡುವ ಜೋಡಿನ ಗೆರಿ ಬಿದ್ರ ಜೀವನಪೂರ್ತಿ ಸೋರ್ತದ."

"ತಗೊಂಡ್ರ ಇವನ ಸಾಲ ಹರೀತದ."

"ಹರೀಲಿ ಬಿಡು!"

"ನಾವು ಇವಂಗ ಹೊತ್ತ ದಿನ ಕೂಲಿ ದಿನ ಆಗ್ತದ. ಇವ ಯಜಮಾನ ಆಗ್ತಾನ, ನಾವು ಇವನ ಆಳು ಆಗ್ತೀವಿ. ನಾ ಇವಂಗ ಕೂಲಿ ಕೇಳಿದ್ನೇನು?" ನಾಗವ್ವ ಅವಧೂತನ ಕಡೆ ತಿರುಗಿ, ಮೊದಲ ಸಲ ಮರಾಠಿಯಲ್ಲಿ, ಅವನಿಗೆ ನೇರವಾಗಿ ತಿಳಿಯುವಂತೆ ಹೇಳಿದಳು: "ನಿನ್ನ ದುಡ್ಡು ಬೇಡ. ಒಂದು ದಿನ ತಗೊಂಡಿದ್ದೀ, ಒಂದು ದಿನ ಕೊಡು. ಇಲ್ಲದಿದ್ದರೆ ಹೋಗು, ನಿನ್ನ ಮೇಲೆ ಉಳೀಲಿ."

ಅವಳು ಇಷ್ಟು ಸ್ವಚ್ಛ ಮರಾಠಿ ಆಡುತ್ತಾಳೆಂದು ಅವಧೂತ ತಿಳಿದಿರಲಿಲ್ಲ. ಫೋನನ್ನು ಜೇಬಿಗಿಟ್ಟು, ಇವರ ಸ್ವಾಭಿಮಾನ ಎಂಥದ್ದು ನೋಡು ಎಂದು ಕ್ಯಾಮೆರಾದವನಿಗೆ ಹೇಳುತ್ತ ಕಾರು ಹತ್ತಿದ. ದೀಪಾಲಿಯನ್ನು ಕರೆದ. ಅವಳು ಕೇಳಿಸದವಳಂತೆ ಪುಟ್ಟಿ ಎತ್ತಿದಳು. ಕಾರು ಹೋಯಿತು.

ಮಳೆ ಅವಸರ ಮಾಡಲಿಲ್ಲ. ಮೊದಲು ಧೂಳು ಎಬ್ಬಿಸಿತು, ಆಮೇಲೆ ದಪ್ಪ ಹನಿ, ಆಮೇಲೆ ಒಮ್ಮೆಲೇ ಸುರಿಯಿತು. ಒಲೆಯ ಮೂಲೆಯ ಕಡೆ ಸಳಿ ಇನ್ನೂ ಬರಿದೇ ಕಾಣುತ್ತಿತ್ತು. ಮಲಕಪ್ಪ ಕರಣಿಯಿಂದ ಹಸಿ ಅಂಚನ್ನು ಇಳಿಜಾರಾಗಿ ಕೊಯ್ದು ನಿಲ್ಲಿಸಿದ. ತಾಡಪತ್ರಿ ಎಳೆದು ಹೊದಿಸಿ ಎಲ್ಲರೂ ಪಕ್ಕದ ತಗಡಿನ ಕೆಳಗೆ ಬಂದು ಕೂತರು.

"ಸೊಕ್ಕು," ಎಂದ ಮಲಕಪ್ಪ ಕಡೆಗೆ. "ಅವಂದಷ್ಟs ಅಲ್ಲ. ನಿಂದೂ."

ನಾಗವ್ವ ಸ್ಲ್ಯಾಬಿನ ದಿನ ಬಂದವರಿಗೆ ಉಣಿಸಲೆಂದು ಮಾಡಿದ್ದ ಗೋದಿ ಹುಗ್ಗಿಯನ್ನು ಬಡಿಸುತ್ತ ಬಂದಳು. ದೀಪಾಲಿಯ ಅಂಗೈಗಳ ಚರ್ಮ ಸಿಮೆಂಟಿಗೆ ಸುಲಿದಿತ್ತು. ಚಮಚದಿಂದ ತಿನ್ನುತ್ತಿದ್ದಳು.

"ಅವ್ವಾ, ನಂದು ಮುಯ್ಯಾಳು ಮುಟ್ಟಿತೇನ್ರೀ?"

ನಾಗವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಚೆಲ್ಲಿದ್ದs ಹೆಚ್ಚು. ಅರ್ಧ ಆಳು ಹಿಡೀತೀನಿ. ಮಳಿ ಬಿಟ್ಟ ದಿನ ಉಳಿದ ಮೂಲಿ ತುಂಬೂದದ. ಗ್ಯಾಂಗ್ ಊರಿಗೆ ಹೋಗ್ತದ, ನಾನೂ ನಮ್ಮ ಮನಿಯಾಂವನೂ ಇಬ್ಬರs. ಬಂದ್ರ ಪೂರ್ತಿ ಆಗ್ತದ."

ಮಳೆ ಬಿಟ್ಟ ದಿನ ದೀಪಾಲಿ ಬಂದಳು. ಅವತ್ತು ಕಡಿಮೆ ಚೆಲ್ಲಿದಳು. ಸಂಜೆ ನಾಗವ್ವ ಅವಳ ಕೈಗೆ ಎಣ್ಣೆ ಹಚ್ಚಿ, "ಮುಟ್ಟಿತು," ಎಂದಳು.

ಆರಿದ್ರಾ ಮಳೆಯಲ್ಲಿ ಸ್ಲ್ಯಾಬು ಸೋರಿತು. ಹಳೆಯದಕ್ಕೂ ಹೊಸದಕ್ಕೂ ಕೂಡಿದ ಗೆರೆಯುದ್ದಕ್ಕೂ ನೀರು ಜಿನುಗಿ, ಒಲೆಯ ಹತ್ತಿರ ತೊಟ್ಟಿಕ್ಕತೊಡಗಿತು. ಮಲಕಪ್ಪ ಡಾಂಬರು ಹಚ್ಚಿ ನೋಡಿದ. ನೀರು ಒಂದು ಗೇಣು ಆಚೆ ದಾರಿ ಮಾಡಿಕೊಂಡಿತು. ಶ್ರಾವಣದ ಹೊತ್ತಿಗೆ ಮನೆಯಲ್ಲಿ ಅದಕ್ಕೊಂದು ಹೆಸರೂ ಬಿದ್ದಿತ್ತು. ಮುಗಿಲು ಗುಡುಗಿದರೆ ನಾಗವ್ವ ಕೂತಲ್ಲಿಂದಲೇ ಹೇಳುತ್ತಿದ್ದಳು, "ಅವಧೂತ ಇಳೀಲಿಕತ್ತಾನ, ಬೋಗುಣಿ ಇಡು."

ಅಂಥ ಒಂದು ಸಂಜೆ ಫೋನು ಬಂತು. ಅವಧೂತನೇ ಮಾತಾಡಿದ. ಸಿನಿಮಾವನ್ನು ಯಾವುದೋ ಉತ್ಸವದಲ್ಲಿ ತೋರಿಸುತ್ತಿದ್ದಾರೆ, ನೋಡಿದವರೆಲ್ಲ ಕೊನೆಯ ದೃಶ್ಯಕ್ಕೆ ಅತ್ತಿದ್ದಾರೆ, ನೀವಿಬ್ಬರೂ ಬಂದು ವೇದಿಕೆಯ ಮೇಲೆ ನಿಲ್ಲಬೇಕು, ಕಾರು ಕಳಿಸುತ್ತೇನೆ ಎಂದ. ಮಲಕಪ್ಪ ಫೋನಿಗೆ ಅಂಗೈ ಅಡ್ಡ ಹಿಡಿದು ಹೆಂಡತಿಯ ಮುಖ ನೋಡಿದ.

"ಒಂದು ದಿನ ಬಾ ಅಂತಾನ."

"ಹೋದ್ರ ಎರಡು ದಿನ ಆಗ್ತದ ಅವನ ಮ್ಯಾಲೆ," ಎಂದಳು ನಾಗವ್ವ ರೊಟ್ಟಿ ಬಡಿಯುತ್ತ. "ಒಂದನ್ನs ಹೊರಲಾರದಾಂವ. ಮೊದಲಿಂದು ತೀರಿಸಂತ ಹೇಳು."

ಮಲಕಪ್ಪ ಹೇಳಿದ. ಆ ಕಡೆಯಿಂದ ನಗೆ ಕೇಳಿಸಿತು. ಆಮೇಲೆ, ಈ ತಿಂಗಳು ಆಗುವುದಿಲ್ಲ, ನೋಡೋಣ ಎಂಬ ಮಾತು ಕೇಳಿಸಿ ಫೋನು ಸುಮ್ಮನಾಯಿತು.