ಬಾಯಿ ಮುಚ್ಚದ ತೋಟಾ

ಕೋವಿಯ ತೋಟಾ ತುಂಬುವ ಯಂತ್ರದ ತಿರುಪನ್ನು ಇನ್ನರ್ಧ ಸುತ್ತು ಸಡಿಲಿಸಿದ. ಅಷ್ಟು ಸಾಕು. ಹಿಡಿಕೆ ಎಳೆದು ನೋಡಿದ. ಯಂತ್ರದಿಂದ ಹೊರಬಿದ್ದ ತೋಟಾದ ಬಾಯಿ ಅರೆಬರೆ ಮುಚ್ಚಿತ್ತು. ಸೀಸದ ಚರೆಗಳು ಮೇಜಿನ ಮೇಲೆ ಉದುರಿದವು. ಲೆಲ್ಯಾಂಡ್‌ಗೆ ಸಮಾಧಾನವಾಯಿತು.

ಹೊರಗೆ ಆರ್ವಿಡ್‌ನ ಕಾರು ನಿಂತ ಸದ್ದು.

ಮಿನ್ನೆಸೋಟದ ಆ ಊರಿನಲ್ಲಿ ಕೋವಿ ಕ್ಲಬ್ಬಿನವರೆಲ್ಲ, ಹಾರುವ ಮಣ್ಣಿನ ಬಿಲ್ಲೆಗಳಿಗೆ ಹೊಡೆದ ಮೇಲೆ, ಬಗ್ಗಿ ಖಾಲಿ ತೋಟಾ ಹೆಕ್ಕಿಕೊಂಡು ಮನೆಗೆ ಒಯ್ಯುತ್ತಾರೆ. ನೆಲಮಾಳಿಗೆಯಲ್ಲಿ ಕೂತು ಕೇಪು, ಮದ್ದು, ಚರೆ ತುಂಬಿ ಮತ್ತೆ ಜೀವ ಕೊಡುತ್ತಾರೆ. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿ ನಿವೃತ್ತನಾದ ಲೆಲ್ಯಾಂಡ್ ಕೂಡ ಅಷ್ಟೇ. ಯಂತ್ರ ಮೊದಲ ಸಲ ಕೆಟ್ಟದ್ದು ನಿಜವಾಗಿಯೇ. ಆಗ ಕ್ಲಬ್ಬಿನ ಆರ್ವಿಡ್, ಹಿಂದೆ ಹಲ್ಲಿನ ಡಾಕ್ಟರಾಗಿದ್ದವನು, ಬಂದು ಸರಿಮಾಡಿ, ಕಾಫಿ ಕುಡಿದು, ಸಂಜೆಯವರೆಗೆ ಹರಟುತ್ತ ಕೂತಿದ್ದ.

ಆಮೇಲೆ ಗುರುವಾರ ಗುರುವಾರ ಯಂತ್ರ ಕೆಡುತ್ತಲೇ ಇತ್ತು.

ಸುಮ್ಮನೆ ಬಾ ಎಂದು ಕರೆಯಬಹುದಿತ್ತು. ಕರೆಯುವುದಕ್ಕೆ ಒಂದು ಕಾರಣ ಬೇಡವೇ?

“ಏನಪ್ಪಾ ಪ್ರೊಫೆಸರ್, ಮತ್ತೆ ಬಾಯಿ ಮುಚ್ತಿಲ್ವಾ?” ಆರ್ವಿಡ್ ಮೆಟ್ಟಿಲಿಳಿದು ಬಂದ.

“ಇಲ್ಲ. ಯಾಕೋ ಗೊತ್ತಿಲ್ಲ.”

“ಜೀವಮಾನ ಪೂರ್ತಿ ಜನರಿಗೆ ಬಾಯಿ ತೆಗೀರಿ ಅಂತ ಗೋಗರೆದೆ. ಈಗ ನಿನ್ನ ತೋಟಾಗೆ ಮುಚ್ಚಮ್ಮಾ ತಾಯಿ ಅಂತ ಗೋಗರೀಬೇಕು.”

ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಯಂತ್ರದೊಳಗೆ ತೂರಿಸಿ ಇಣುಕಿದ.

“ಈ ತಿರುಪು ಹೋದ ವಾರ ತಾನೇ ಬಿಗಿ ಮಾಡಿದ್ದೆ.”

“ಹೌದಾ?”

“ಹೌದು.”

“ಅದುರುತ್ತಲ್ಲ. ಸಡಿಲ ಆಗಿರ್ಬೇಕು.”

“ಆಗಿರ್ಬೇಕು.”

ಆರ್ವಿಡ್ ಅವನ ಮುಖ ನೋಡಲಿಲ್ಲ. ಜೇಬಿನಿಂದ ಚಿಕ್ಕ ಸೀಸೆ ತೆಗೆದು, ತಿರುಪಿನ ಸಂದಿಗೆ ಒಂದು ಹನಿ ಅಂಟು ಬಿಟ್ಟು ಬಿಗಿದ.

“ಇನ್ನು ಯಾರಪ್ಪ ಬಂದ್ರೂ ಅಲ್ಲಾಡಲ್ಲ. ಒಣಗೋವರೆಗೂ ಮುಟ್ಬೇಡ.”

“ಕಾಫಿ ಮಾಡಿಟ್ಟಿದ್ದೆ.”

“ಇವತ್ತು ಬೇಡ. ಹೆಂಡ್ತಿ ಕಾಯ್ತಿದ್ದಾಳೆ.”

“ಮುಂದಿನ ಗುರುವಾರ?”

“ಯಾಕೆ? ಸರಿಹೋಯ್ತಲ್ಲ.”

ಆದರೂ ಆರ್ವಿಡ್ ಮೆಟ್ಟಿಲ ಮೇಲೆ ತಡೆದು ನಿಂತ, ಕೈ ಕಂಬಿಯ ಮೇಲೆ. ಕಾಯುತ್ತಿದ್ದ ಹಾಗಿತ್ತು. ಲೆಲ್ಯಾಂಡ್ ಮೇಜಿನ ಮೇಲೆ ಉದುರಿದ್ದ ಚರೆಗಳನ್ನು ಅಂಗೈಗೆ ಬಳಿದುಕೊಳ್ಳತೊಡಗಿದ.

“ಬಾಗಿಲು ಎಳ್ಕೊಂಡು ಹೋಗು. ಚಳಿ,” ಎಂದ.

ಅಂಟು ಒಣಗಿದ ಮೇಲೆ ತಿರುಪನ್ನು ತಿರುಗಿಸಿ ನೋಡಿದ. ಜಗ್ಗಲಿಲ್ಲ. ಹಿಡಿಕೆ ಎಳೆದ. ನಕ್ಷತ್ರದ ಹಾಗೆ ಅಚ್ಚುಕಟ್ಟಾಗಿ ಬಾಯಿ ಮಡಚಿಕೊಂಡ ತೋಟಾ ಬಂತು. ಇನ್ನೊಂದು. ಮತ್ತೊಂದು. ಒಂದರಲ್ಲಾದರೂ ದೋಷ ಸಿಕ್ಕೀತೆಂದು ಎಳೆಯುತ್ತಲೇ ಹೋದ.

ಚರೆಯ ಡಬ್ಬಿ ಬರಿದಾದದ್ದು ಕಂಡಿತು. ಕೈ ನಿಲ್ಲಲಿಲ್ಲ. ಈಗ ಬೀಳುತ್ತಿದ್ದ ತೋಟಾಗಳು ಹಗುರ. ಒಳಗೆ ಆನಿಕೆಗೆ ಏನೂ ಇಲ್ಲದೆ ಅವುಗಳ ಬಾಯಿ, ಹಲ್ಲುದುರಿದ ಮುದುಕರ ಬಾಯಿಯಂತೆ, ಒಳಕ್ಕೆ ಕುಸಿದು ಮುಚ್ಚಿಕೊಂಡಿತ್ತು. ತಟ್ಟೆ ತುಂಬಿತು. ಮೇಲಿನವು ಒಂದೊಂದಾಗಿ ನೆಲಕ್ಕೆ ಜಾರತೊಡಗಿದವು.