ಬೆರಳಿಟ್ಟ ಸಾಲು

ಕುಂತ್ಕಳಿ ಸಾ, ಅಂತ ಯಾರೋ ಸೀಟು ಬಿಟ್ಟು ಎದ್ದರು, ಮಾಗಡಿ ಬಸ್‌ಸ್ಟ್ಯಾಂಡಿನ ಈ ನೂಕುನುಗ್ಗಲಲ್ಲೂ ರಿಟೈರಾದ ಇಂಗ್ಲಿಷ್ ಮೇಷ್ಟ್ರಿಗೆ ಮರ್ಯಾದೆ ಇದೆ ನೋಡು ಅಂತ ಬೀಗಿಕೊಂಡು ಕೂತೆ, ಕೂತಮೇಲೆ ಮುಖ ನೋಡಿದೆ, ನೋಡಬಾರದಿತ್ತು, ಪುಟ್ಟಿ, ಕುರಿಯವರ ಮನೆ ಪುಟ್ಟಿ, ಹಿಂದಿನ ಬೆಂಚಿನ ಪುಟ್ಟಿ, ಇಪ್ಪತ್ತು ವರ್ಷವಾಯಿತೇ, ನನ್ ಮಗಳು ಸಾ, ಮಾನ್ಯ, ಏಳ್ನೇ ಕ್ಲಾಸು, ಅನ್ನುತ್ತಾಳೆ, ಎಷ್ಟು ಸಲೀಸಾಗಿ ನಗುತ್ತಾಳೆ — ನಾನು ಕಿಟಕಿ ಕಡೆ ತಿರುಗುತ್ತೇನೆ, ಗುಡೇಮಾರನಹಳ್ಳಿ ಬೇಗ ಬರಬಾರದೇ, ಹತ್ತನೇ ಕ್ಲಾಸಿನ ಪ್ರೋಗ್ರೆಸ್ ಕಾರ್ಡು ಬರೆದ ಆ ಮಧ್ಯಾಹ್ನ, ಮುತ್ತುರಾಜುವಿಗೆ ಪ್ರಾಮಿಸಿಂಗ್ ಅಂತ ಬರೆದೆ, ಮೂವತ್ತೆಂಟು ತೆಗೆದವನಿಗೆ, ಅವರಪ್ಪ ಕಳಿಸಿದ ಅವರೆಕಾಯಿ ಮೂಟೆ ಅಡುಗೆಮನೆಯಲ್ಲಿತ್ತು, ಉಂಡ ಮನೆ ಜಂತೆ ಎಣಿಸೋಕಾಗುತ್ತದೆಯೇ, ಪುಟ್ಟಿಗೆ ಎಂಬತ್ತೊಂದು, ಕ್ಲಾಸಿಗೇ ಜಾಸ್ತಿ, ನಾನೇ ತಿದ್ದಿದ ಪೇಪರು, ಗೊತ್ತಿದ್ದೂ ಆವರೇಜ್ ಅಂತ ಗೀಚಿದೆ, ಹೇಗೂ ಮದುವೆ ಮಾಡಿ ಕಳಿಸುತ್ತಾರೆ, ಇವಳಿಗೆ ಅಂಥ ಮಾತು ಬರೆದು ಏನುಪಯೋಗ, ಥೂ — ಸಾ, ಮುತ್ತುರಾಜು ಕಾರ್ಡ್‌ನಾಗೆ ಪ್ರಾಮಿಸಿಂಗ್ ಅಂತೈತಲ್ಲ, ಅಂಗಂದ್ರೇನ್ ಸಾ, ಅಂತ ಕಾರ್ಡು ಹಂಚಿದ ದಿನ ಪುಟ್ಟಿ ಕೇಳಿದಳು, ಮುಂದೆ ಬರೋರು ಅಂತ ಕಣಮ್ಮ, ಇನ್ನೂ ಗೆದ್ದಿರಲ್ಲ, ಗೆಲ್ಲೋ ಲಕ್ಷಣ ಇರುತ್ತೆ, ಹೊಸ ಆಟಗಾರನಿಗೆ ಹೇಳ್ತಾರೆ, ಚೆನ್ನಾಗಿ ಎದ್ದಿರೋ ಪೈರಿಗೂ ಹೇಳ್ಬೋದು, ಎಷ್ಟು ಚೆಂದ ಪಾಠ ಮಾಡಿದೆ, ಆಗ ಅವಳು ತನ್ನ ಕಾರ್ಡು ತೆಗೆದು ಆವರೇಜ್ ಕೆಳಗೆ ಬೆರಳಿಟ್ಟಳು, ಒಡೆದ ಉಗುರು, ಅಂಗಾರೆ ನಂಗ್ಯಾಕಿಲ್ಲ ಸಾ, ಹೋಗಮ್ಮ ಬೆಲ್ ಹೊಡೀತು ಅಂದೆ, ಬೆಲ್ ಹೊಡೆದಿರಲಿಲ್ಲ.

ಆ ವಾರವೇ ಅವಳಪ್ಪ ಬಂದ, ಕಂಬಳಿ ಹೆಗಲಿಗೆ ಹಾಕಿಕೊಂಡು ಬಾಗಿಲಾಚೆಯೇ ನಿಂತ, ನಾನು ಓದ್ದೋನಲ್ಲ ಸ್ವಾಮಿ, ಕಾಲೇಜಿಗೆ ಆಕಾನ ಅಂತಿದ್ದೆ, ನೀವೇನ್ ಬರ್ದಿದ್ದೀರೋ ಅಂಗೇ ಮಾಡ್ತೀನಿ, ಸಾಧಾರಣ ಅಂತ ಓದಿ ಹೇಳಿದೆ, ಎಂಬತ್ತೊಂದನ್ನು ಓದಲಿಲ್ಲ, ತಲೆಯಾಡಿಸಿ ಹೋದ, ಆಮೇಲೆ ಅವಳು ಕಂಡದ್ದು ಸಾವನದುರ್ಗದ ತಪ್ಪಲಲ್ಲಿ, ಕುರಿಗಳ ಹಿಂದೆ, ನಾನು ಬಂಡೆ ಮರೆಗೆ ಸರಿದೆ, ಮೇಷ್ಟ್ರಂತೆ ಮೇಷ್ಟ್ರು — ತಾತ, ನನ್ ಕಾರ್ಡು ನೋಡಿ, ಮಗು ಮಡಿಲಲ್ಲಿ ಇಟ್ಟೇಬಿಟ್ಟಿದೆ, ಅದೇ ಕಾಲಂ, ಅದೇ ಮಾತು, ಪ್ರಾಮಿಸಿಂಗ್, ಯಾರೋ ದುಂಡಗೆ ಬರೆದಿದ್ದಾರೆ, ಹಂಗಂದ್ರೇನು ತಾತ, ಕೇಳಮ್ಮಿ, ನಮ್ ಸಾ ಚೆಂದಾಗ್ ಬಿಡ್ಸಿ ಏಳ್ತಾರೆ, ಅನ್ನುತ್ತಾಳೆ ಪುಟ್ಟಿ, ಕೊಂಕಿಲ್ಲ, ಒಂಚೂರಾದರೂ ಕೊಂಕಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ, ಮುಂದೆ ಬರೋರು ಅಂತ ಕಣಮ್ಮ, ಅನ್ನಬೇಕು, ಮುಂದೆ — ಬೆಲ್ ಹೊಡೀತು ಅನ್ನಲೇ, ಕಾರ್ಡಿನ ಮೇಲೆ ಮಗುವಿನ ಬೆರಳು, ಅಲ್ಲ, ಆ ಬೆರಳು, ಒಡೆದ ಉಗುರು, ಆವರೇಜ್ ಕೆಳಗೆ ಇಟ್ಟದ್ದು, ಇನ್ನೂ ತೆಗೆದಿಲ್ಲ, ಆ ಬೆರಳು