ಎಂಟು ತಿಂಗಳಾದರೂ ಇಳಿಯದ ಊತ

ಶಿರಂಗಾಲದ ಸುಮಿತ್ರಮ್ಮನವರ ಮನೆಯಲ್ಲಿ ಮೂರು ಹಸುಗಳಿವೆ. ಹದಿನೆಂಟು ವರ್ಷಗಳಿಂದ ಬೆಳಿಗ್ಗೆ ಆರೂವರೆಗೆ ಡೈರಿಗೆ ಹಾಲು ತರುತ್ತಿದ್ದವರು ಅವರೇ. ಈ ಸಲ ಗೌರಿ ಹಬ್ಬ ಹತ್ತಿರ ಬಂದಾಗ ಕ್ಯಾನು ಹಿಡಿದು ಅವರ ಗಂಡ ಕಲ್ಲೇಶಪ್ಪ ಬರತೊಡಗಿದರು. ಹಾಲೂ ಕಡಿಮೆಯಾಯಿತು.

ಅದೇ ಡೈರಿಗೆ ಆಶಾ ಕಾರ್ಯಕರ್ತೆ ಕುಸುಮಾ ಕೂಡ ಹಾಲು ಹಾಕುತ್ತಾಳೆ. ನಾಲ್ಕು ದಿನ ನೋಡಿದಳು. ಐದನೆಯ ದಿನ ಕೇಳಿಯೇ ಬಿಟ್ಟಳು.

"ಏನ್ ಕಲ್ಲೇಶಣ್ಣ, ಅಕ್ಕ ಊರಲ್ಲಿಲ್ವಾ?"

"ಅವಳೆಲ್ಲಿಗ್ ಹೋಗ್ತಾಳೆ, ಮನೇಲೇ ಅವಳೆ. ಕೈ ನೋವು ಅಂತಾಳೆ. ನಾನ್ ಕರೆದ್ರೆ ಹಸು ಸರಿಯಾಗಿ ಹಾಲೇ ಬಿಡಲ್ಲ."

"ಯಾವಾಗಿಂದ ನೋವು?"

"ಸಂಕ್ರಾಂತಿ ಹೊತ್ಗೆ ಶುರುವಾಯ್ತು ಅನ್ಸುತ್ತೆ. ಬತ್ತದೆ, ಹೋಗ್ತದೆ."

ಕುಸುಮಾ ಬೆರಳು ಮಡಚಿ ಲೆಕ್ಕ ಹಾಕಿದಳು. ಎಂಟು ತಿಂಗಳು. ಅವತ್ತು ಸಂಜೆಯೇ ಅವರ ಮನೆಗೆ ಹೋದಳು.

ಸುಮಿತ್ರಮ್ಮ ಜಗಲಿಯಲ್ಲಿ ಕುಳಿತಿದ್ದರು. ಕುಸುಮಾ ಬಂದದ್ದು ಕಂಡು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

"ಅಕ್ಕ, ಕೈ ತೋರ್ಸಿ."

"ಏನಿಲ್ಲ ಕಣೆ. ವಯಸ್ಸಾಯ್ತು."

"ನಲವತ್ತೇಳಕ್ಕೆ ಏನ್ ವಯಸ್ಸು? ತೋರ್ಸಿ ಅಂದ್ರೆ ತೋರ್ಸಿ."

ಎರಡೂ ಕೈಗಳ ಬೆರಳ ಗೆಣ್ಣುಗಳು ಊದಿಕೊಂಡಿದ್ದವು. ಮುಟ್ಟಿದರೆ ಬೆಚ್ಚಗಿದ್ದವು. ಎಡಗೈ ಕಿರುಬೆರಳು ಬಾಗಿತ್ತು, ನೆಟ್ಟಗೆ ಮಾಡಲು ಹೋದರೆ ಬರಲಿಲ್ಲ.

"ಬೆಳಿಗ್ಗೆ ಎದ್ದಾಗ ಹೆಂಗಿರ್ತದೆ?"

"ಮರದ ಕೈ ಇದ್ದಂಗೆ. ಮಡಚಕ್ಕೇ ಆಗಲ್ಲ. ಒಂಬತ್ತು ಗಂಟೆ ಆಗ್ಬೇಕು ಸಡಿಲ ಆಗಕ್ಕೆ. ಮೊನ್ನೆ ಜಡೆ ಹಾಕ್ಕೊಳಕ್ಕೂ ಆಗ್ಲಿಲ್ಲ." ಸುಮಿತ್ರಮ್ಮ ದನಿ ತಗ್ಗಿಸಿದರು. "ಯಾರಿಗೂ ಹೇಳಕ್ಕೆ ಹೋಗ್ಬೇಡ."

ಹಿತ್ತಲಿನಿಂದ ಬಂದ ಕಲ್ಲೇಶಪ್ಪ ಇದನ್ನು ಕೇಳಿಸಿಕೊಂಡರು. ತಮ್ಮ ಬಲಗಾಲನ್ನು ಜಗಲಿಯ ಮೇಲಿಟ್ಟು ಹೆಬ್ಬೆರಳ ಪಕ್ಕದ ಗಾಯದ ಗುರುತು ತೋರಿಸಿದರು.

"ನೋಡವ್ವ, ಹೋದ ತಿಂಗ್ಳು ಶುಂಠಿ ಮಡೀಲಿ ಗುದ್ದಲಿ ಬಿತ್ತು. ಕಾಲು ಕೆಂಪಗಾಯ್ತು, ಕಾದ ಹೆಂಚಾಯ್ತು, ಊದ್ಕೊಂತು, ಕೀವೂ ಬಂತು. ನೀನೇ ಕರ್ಕೊಂಡ್ ಹೋಗಿ ಟಿ.ಟಿ. ಸೂಜಿ ಹಾಕ್ಸಿದ್ದೆ. ಎಂಟು ದಿನಕ್ಕೆ ಎಲ್ಲಾ ಇಳೀತು. ಊತ ಅಂದ್ರೆ ನೆಂಟ ಇದ್ದಂಗೆ. ಬತ್ತದೆ, ಹೋಗ್ತದೆ."

"ಎಂಟು ತಿಂಗ್ಳು ಕೂತಿರೋನ್ನ ನೆಂಟ ಅಂತೀರಾ ಕಲ್ಲೇಶಣ್ಣ?"

ಕಲ್ಲೇಶಪ್ಪ ಕಾಲನ್ನು ಕೆಳಗಿಳಿಸಿದರು. ಕುಸುಮಾ ಅವರನ್ನೂ ಜಗಲಿಯಲ್ಲಿ ಕೂರಿಸಿಕೊಂಡಳು.

"ನಿಮ್ ಕಾಲಿಗೆ ಬಂದದ್ದು ಒಳ್ಳೇ ಊತ. ಗಾಯದೊಳಕ್ಕೆ ಕ್ರಿಮಿ ನುಗ್ತವೆ. ತಕ್ಷಣ ಅಲ್ಲಿನ ಸಣ್ಣ ಸಣ್ಣ ರಕ್ತನಾಳ ಅಗಲ ಆಗ್ತವೆ. ರಕ್ತ ಜಾಸ್ತಿ ಬತ್ತದೆ, ಅದಕ್ಕೇ ಕೆಂಪು, ಅದಕ್ಕೇ ಬಿಸಿ. ನಾಳದಿಂದ ನೀರು ಜಿನುಗ್ತದೆ, ಅದಕ್ಕೇ ಊತ. ರಕ್ತದಲ್ಲಿರೋ ಬಿಳಿ ಕಣ ಹೊರಗಿಳಿದು ಕ್ರಿಮಿ ಜೊತೆ ಹೊಡೆದಾಡ್ತವೆ. ಹಂಗೆ ಹೊಡೆದಾಡಿ ಸತ್ತವೇ ಕೀವಾಗಿ ಬಂದದ್ದು. ಕೆಲ್ಸ ಮುಗೀತು, ಊತ ಇಳೀತು."

"ಹಂಗಾದ್ರೆ ಇವಳ್ದೂ ಇಳೀಬೇಕಲ್ಲ?"

"ಹೋದ ವರ್ಷ ನಿಮ್ ಶುಂಠಿಗೆ ಆನೆ ಬಂತಲ್ಲ, ಆಗೇನಾಯ್ತು?"

"ಊರೆಲ್ಲಾ ಓಡಿ ಬಂತು. ಪಟಾಕಿ ಹೊಡೆದ್ವಿ, ತಮಟೆ ಬಡಿದ್ವಿ. ಜನ ತುಳಿದೇ ನಾಲ್ಕು ಮಡಿ ಹೋಯ್ತು. ಆದ್ರೂ ಆನೆ ಓಡ್ತು."

"ಆಮೇಲೆ?"

"ಆಮೇಲೇನು, ಎಲ್ಲಾ ಅವರವ್ರ ಮನೇಗ್ ಹೋದ್ರು."

"ಹೋಗ್ದೇ ಇದ್ದಿದ್ರೆ? ಆನೆ ಇಲ್ದೇನೂ ಅಷ್ಟು ಜನ ದಿನಾ ಬಂದು ನಿಮ್ ಹೊಲ್ದಲ್ಲಿ ಓಡಾಡಿದ್ರೆ?"

ಉತ್ತರ ಹೇಳಿದವರು ಸುಮಿತ್ರಮ್ಮ. "ಒಂದ್ ಗೆಡ್ಡೆನೂ ಉಳಿಯಲ್ಲ."

"ನಿಮ್ ಕೀಲಲ್ಲಿ ಅದೇ ನಡೀತಿರ್ಬೋದು ಅಕ್ಕ. ಅಲ್ಲಿ ಕ್ರಿಮಿ ಇಲ್ಲ, ಗಾಯ ಇಲ್ಲ. ಆದ್ರೂ ಕಾಯೋ ಕಣಗಳೇ ದಾರಿ ತಪ್ಪಿ ನಿಮ್ ಕೀಲನ್ನೇ ಶತ್ರು ಅನ್ಕೊಂಡವೆ. ಹೌದೋ ಅಲ್ವೋ ಅಂತ ನಾನ್ ಹೇಳಕ್ಕಾಗಲ್ಲ. ಡಾಕ್ಟ್ರು ನೋಡ್ಬೇಕು."

"ಡಾಕ್ಟ್ರು ಯಾಕೆ?" ಎಂದರು ಕಲ್ಲೇಶಪ್ಪ. "ಸಂತೇಲಿ ವಾತದ ಪುಡಿ ಮಾರ್ತಾನೆ. ಐದ್ ತಿಂಗ್ಳಿಂದ ತಂದ್ ಕೊಡ್ತಿದೀನಿ. ತಿಂದು ಒಂದ್ ಗಂಟೇಲಿ ನೋವು ಹಾರೋಗ್ತದೆ."

"ಪೊಟ್ಟಣದ ಮೇಲೆ ಏನ್ ಬರೆದದೆ?"

ಪೊಟ್ಟಣ ಬಿಳಿ ಕಾಗದದ್ದು. ಏನೂ ಬರೆದಿರಲಿಲ್ಲ. ಕುಸುಮಾ ಸುಮಿತ್ರಮ್ಮನವರ ಮುಖವನ್ನೇ ನೋಡಿದಳು. ಕೆನ್ನೆಗಳು ದುಂಡಗೆ ಉಬ್ಬಿದ್ದವು. ಅಕ್ಕ ಸ್ವಲ್ಪ ದಪ್ಪವಾಗಿದ್ದಾರೆ ಎಂದುಕೊಂಡಿದ್ದಳು ಅವಳು. ಅದು ದಪ್ಪವಲ್ಲ, ಬಾವು.

"ಇದನ್ನ ಬಿಸಾಕ್ಬೇಡಿ. ಜೊತೇಲಿ ತಗೊಂಡ್ ಬನ್ನಿ. ನಾಳೆ ಮೊದಲ್ನೇ ಬಸ್ಸಿಗೆ ಹೋಗಣ."

"ನಾಳೆ ಮೇವು ಕೊಯ್ಯೋದದೆ," ಎಂದರು ಕಲ್ಲೇಶಪ್ಪ.

ಸುಮಿತ್ರಮ್ಮ ಎದ್ದು ನಿಂತರು. "ಮೇವು ನಾಡಿದ್ದು ಕೊಯ್ಯಣ. ನಾನಂತೂ ಹೋಗ್ತೀನಿ. ನೀವು ಬರೋದಾದ್ರೆ ಬನ್ನಿ."

ಮರುದಿನ ಕಲ್ಲೇಶಪ್ಪನವರೂ ಜೊತೆಗೆ ಹೋದರು.

ಕುಶಾಲನಗರದ ಆಸ್ಪತ್ರೆಯಲ್ಲಿ ಚೀಟಿ ಬರೆದು ಮಡಿಕೇರಿಗೆ ಕಳಿಸಿದರು. ಅಲ್ಲಿ ರಕ್ತ ಪರೀಕ್ಷೆ, ಕೈಗಳ ಎಕ್ಸ್‌ರೇ ಎಲ್ಲ ಆಯಿತು. ಡಾಕ್ಟರ್ ಮಾಳವಿಕಾ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಇಬ್ಬರಿಗೂ ತೋರಿಸಿದರು.

"ಇಲ್ಲಿ ನೋಡಿ. ಮೂಳೆಯ ಅಂಚು ಗೆದ್ದಲು ತಿಂದ ಹಾಗಿದೆ. ಇದು ರುಮಟಾಯ್ಡ್ ಸಂಧಿವಾತ. ಯಜಮಾನರ ಕಾಲಿಗೆ ಆಗಿತ್ತು ಅಂದಿರಲ್ಲ, ಅದು ಬಂದು ಹೋಗುವ ಉರಿಯೂತ. ಇದು ಒಳಗೇ ಹೊಗೆಯಾಡುತ್ತಾ ಉಳಿಯುವ ಉರಿಯೂತ. ಕೀಲಿನ ಒಳಪದರ ಊದುತ್ತೆ, ನಿಧಾನಕ್ಕೆ ಮೂಳೆಯನ್ನೇ ಸವೆಸುತ್ತೆ. ಹಾಗೇ ಬಿಟ್ಟರೆ ಹೃದಯ, ಶ್ವಾಸಕೋಶಕ್ಕೂ ತೊಂದರೆ ಆಗಬಹುದು."

"ಬೆರಳು ಸರಿ ಹೋಗ್ತವಾ ಮೇಡಂ?" ಸುಮಿತ್ರಮ್ಮ ಕೇಳಿದರು.

ಡಾಕ್ಟರ್ ಸುಳ್ಳು ಹೇಳಲಿಲ್ಲ. "ಆ ಕಿರುಬೆರಳು ಮೊದಲಿನ ಹಾಗೆ ಆಗೋದಿಲ್ಲ. ಸವೆದ ಮೂಳೆ ವಾಪಸ್ ಬರಲ್ಲ. ಉಳಿದ ಒಂಬತ್ತು ಬೆರಳನ್ನು ಉಳಿಸಿಕೊಳ್ಳೋಣ."

ಪುಡಿಯ ಪೊಟ್ಟಣ ಮೇಜಿನ ಮೇಲೆ ಬಂತು. ಸುಮಿತ್ರಮ್ಮನವರ ಸಕ್ಕರೆ ಏರಿತ್ತು, ಬಿ.ಪಿ.ಯೂ ಏರಿತ್ತು. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರುವ ಅನುಮಾನವಿದೆ ಎಂದರು ಡಾಕ್ಟರ್. "ಸ್ಟೀರಾಯ್ಡನ್ನು ನಾವೂ ಕೊಡ್ತೀವಿ. ಅಳತೆ ನೋಡಿ ಕೊಡ್ತೀವಿ, ದಿನ ನೋಡಿ ನಿಲ್ಲಿಸ್ತೀವಿ. ಇದರಲ್ಲಿ ಎಷ್ಟಿದೆ ಅಂತ ಮಾರಿದವನಿಗೂ ಗೊತ್ತಿರಲ್ಲ. ಐದು ತಿಂಗಳು ತಿಂದು ಏಕಾಏಕಿ ಬಿಟ್ಟರೂ ಅಪಾಯ. ನಾನು ಹೇಳಿದ ಹಾಗೆ ಮಾತ್ರೆಯಲ್ಲಿ ನಿಧಾನಕ್ಕೆ ಇಳಿಸೋಣ."

ಕಲ್ಲೇಶಪ್ಪ ತಲೆ ಎತ್ತಲಿಲ್ಲ. ಆ ಪುಡಿಯನ್ನು ಪ್ರತಿ ವಾರ ತಂದುಕೊಟ್ಟವರು ಅವರೇ.

ಮುಖ್ಯ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು, ದಿನಾ ತಿಂದರೆ ಪ್ರಾಣಕ್ಕೇ ಕುತ್ತು ಎಂದು ಡಾಕ್ಟರ್ ಮೂರು ಸಲ ಹೇಳಿದರು. ಯಾವ ದಿನ ಎಂದು ಕೇಳಿದ್ದಕ್ಕೆ ಸುಮಿತ್ರಮ್ಮ, "ಸೋಮವಾರ ಬರ್ಕೊಳ್ಳಿ. ಶಿವನ ವಾರ ನಾನ್ ಮರೆಯಲ್ಲ," ಎಂದರು. ಹೇಳಿದ ದಿನಕ್ಕೆ ಬಂದು ರಕ್ತ ಪರೀಕ್ಷೆ ಮಾಡಿಸಬೇಕು. ಕಲ್ಲೇಶಪ್ಪ ಮನೆಯೊಳಗೆ ಬೀಡಿ ಸೇದುವಂತಿಲ್ಲ, ಹೊಗೆ ಈ ಕಾಯಿಲೆಯನ್ನು ಕೆಣಕುತ್ತದೆ.

"ಇನ್ನೊಂದು ಮಾತು," ಎಂದರು ಡಾಕ್ಟರ್. "ಇದು ಪುಡಿಯ ಹಾಗೆ ಗಂಟೆಯಲ್ಲಿ ಕೆಲಸ ಮಾಡಲ್ಲ. ಆರು ವಾರ ಆಗಬಹುದು, ಮೂರು ತಿಂಗಳೂ ಆಗಬಹುದು. ಬಹಳ ಜನ ನಡುವೆ ಬಿಟ್ಟುಬಿಡ್ತಾರೆ. ನೀವು ಬಿಡಬೇಡಿ."

ಮೊದಲ ಸೋಮವಾರ ಹೋಯಿತು. ಎರಡು, ಮೂರು ಸೋಮವಾರಗಳೂ ಹೋದವು. ಏನೂ ಬದಲಾಗಲಿಲ್ಲ. ಪುಡಿ ಇಲ್ಲದೆ ನೋವು ಇನ್ನಷ್ಟು ಹೆಚ್ಚಾಯಿತು. ನಾಲ್ಕನೆಯ ವಾರ ಒಂದು ಬೆಳಿಗ್ಗೆ ಒಗೆದ ಸೀರೆಯನ್ನು ಹಿಂಡಲಾಗದೆ ಸುಮಿತ್ರಮ್ಮ ಒಗೆಯುವ ಕಲ್ಲಿನ ಮೇಲೆ ಕುಳಿತು ಅತ್ತರು. ಕಲ್ಲೇಶಪ್ಪ ದೂರದಿಂದ ಅದನ್ನು ನೋಡಿದರು.

ಆ ದಿನ ಸಂತೆ. ಮಧ್ಯಾಹ್ನ ಮನೆಗೆ ಬಂದವರು ಅಂಗಿ ಜೇಬಿನಿಂದ ಬಿಳಿ ಪೊಟ್ಟಣ ತೆಗೆದು ಹೆಂಡತಿಯ ಮುಂದಿಟ್ಟರು.

"ನಿನ್ ಸಂಕಟ ನೋಡಕ್ಕಾಗಲ್ಲ ಕಣೆ. ಇವತ್ತೊಂದ್ ದಿನ ತಗೊ. ಡಾಕ್ಟ್ರಿಗೆ ಯಾರ್ ಹೇಳ್ತಾರೆ?"

ಸುಮಿತ್ರಮ್ಮ ಪೊಟ್ಟಣವನ್ನು ಕೈಗೆ ತೆಗೆದುಕೊಂಡರು. ಒಂದು ಲೋಟ ನೀರಿನ ಜೊತೆ ನುಂಗಿದರೆ ಒಂದು ಗಂಟೆಯಲ್ಲಿ ಆರಾಮ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಎದ್ದು ಹೋಗಿ ಅದನ್ನು ಉರಿಯುವ ಒಲೆಗೆ ಹಾಕಿದರು.

"ನಿಮ್ ಮೇಲೆ ಸಿಟ್ಟಿಲ್ಲ," ಎಂದರು. "ನೀವು ಒಳ್ಳೇದಕ್ಕೇ ತಂದ್ರಿ. ಆದ್ರೆ ನಂಗೆ ಒಂದ್ ದಿನದ ಸುಖ ಬೇಡ. ಒಂಬತ್ತು ಬೆರಳು ಬೇಕು. ನಂಗೆ ಸಹಾಯ ಮಾಡ್ಬೇಕು ಅಂತಿದ್ರೆ ಹಾಲು ಕರೆಯೋದ್ನ ಸರಿಯಾಗಿ ಕಲೀರಿ. ಸೀರೆ ಹಿಂಡ್ಕೊಡಿ."

ಕಲ್ಲೇಶಪ್ಪ ಎರಡನ್ನೂ ಮಾಡಿದರು. ಹಸುವಿನ ಮೈ ಸವರಿ, ಕೆಚ್ಚಲು ತೊಳೆದು, ಅವಸರವಿಲ್ಲದೆ ಕರೆಯುವುದನ್ನು ಸುಮಿತ್ರಮ್ಮ ಪಕ್ಕದಲ್ಲಿ ನಿಂತು ಹೇಳಿಕೊಟ್ಟರು. ಕುಸುಮಾ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಬೆಳಿಗ್ಗೆ ಬೆಚ್ಚನೆಯ ನೀರಿನಲ್ಲಿ ಕೈ ಅದ್ದಿ ಬೆರಳಿಗೆ ಮಾಡುವ ವ್ಯಾಯಾಮ ತೋರಿಸಿಕೊಟ್ಟಳು. ಪ್ರತಿ ಸೋಮವಾರ ಮಾತ್ರೆ ತೆಗೆದುಕೊಂಡರಾ ಎಂದು ಬಂದು ಕೇಳಿ ಹೋಗುತ್ತಿದ್ದಳು.

ಒಂಬತ್ತನೆಯ ವಾರ ಒಂದು ಬೆಳಿಗ್ಗೆ ಸುಮಿತ್ರಮ್ಮ ಎದ್ದು, ಹಾಸಿಗೆಯ ಮೇಲೆ ಕುಳಿತೇ ಬಲಗೈ ಮಡಚಿದರು. ಬೆರಳುಗಳು ಅಂಗೈ ಮುಟ್ಟಿದವು. ಗಂಟೆ ನೋಡಿದರೆ ಇನ್ನೂ ಆರು. ಅವರು ಯಾರನ್ನೂ ಕರೆಯಲಿಲ್ಲ. ಬಿಚ್ಚಿದರು, ಮತ್ತೆ ಮಡಚಿದರು. ಬಾಗಿಲಲ್ಲಿ ನಿಂತಿದ್ದ ಕಲ್ಲೇಶಪ್ಪ ಟವಲಿನಿಂದ ಮುಖ ಒರೆಸಿಕೊಂಡು ಕೊಟ್ಟಿಗೆಗೆ ಹೋದರು.

ಮೂರು ತಿಂಗಳಾದಾಗ ಊತ ಬಹುಪಾಲು ಇಳಿದಿತ್ತು. ಮುಖದ ಬಾವು ಹೋಯಿತು, ಸಕ್ಕರೆಯೂ ಹತೋಟಿಗೆ ಬಂತು. ಕಿರುಬೆರಳು ಮಾತ್ರ ಬಾಗಿಯೇ ಉಳಿಯಿತು. ಮಾತ್ರೆ ಈಗಲೂ ನಡೆಯುತ್ತಿದೆ.

ಶುಂಠಿ ಕೀಳುವ ಕೆಲಸಕ್ಕೆ ಆಳುಗಳು ಬಂದರು. ಅವರಲ್ಲಿ ಮುತ್ತಿ ಎಂಬ ಹೆಂಗಸು ಗೆಡ್ಡೆಯ ಮಣ್ಣು ಬಿಡಿಸುತ್ತಾ ಆಗಾಗ ನಿಲ್ಲಿಸಿ ಮಣಿಕಟ್ಟು ಒತ್ತಿಕೊಳ್ಳುತ್ತಿದ್ದಳು. ಅದನ್ನು ಮೊದಲು ಕಂಡವರು ಕಲ್ಲೇಶಪ್ಪ.

"ಏನ್ ಮುತ್ತಿ, ಊತವಾ?"

"ಚಳಿಗೆ ಅಣ್ಣ. ಎರಡು ತಿಂಗ್ಳಾಯ್ತು."

"ಒಂದ್ ಕೈಯೋ, ಎರಡೂ ಕೈಯೋ?"

"ಎರಡೂ."

"ಬೆಳಿಗ್ಗೆ ಎದ್ದಾಗ ಬಿಗೀತದಾ? ಎಷ್ಟ್ ಹೊತ್ತು?"

ಮುತ್ತಿ ಅವರ ಮುಖ ನೋಡಿದಳು. "ಬಿಸ್ಲು ಬರೋ ತನಕ. ನಿಮಗೆಂಗ್ ಗೊತ್ತು?"

ಕಲ್ಲೇಶಪ್ಪ ಹೆಂಡತಿಯ ಕಡೆ ತಿರುಗಿದರು. ಸುಮಿತ್ರಮ್ಮ ಆಗಲೇ ಎದ್ದು ಬರುತ್ತಿದ್ದರು.

"ಗುರುವಾರ ರಕ್ತ ಪರೀಕ್ಷೆಗೆ ನಾವು ಮಡಿಕೇರಿಗೆ ಹೋಗ್ತೀವಿ. ನೀನೂ ಬಾ," ಎಂದರು ಅವರು.

"ಅವತ್ತಿನ ಕೂಲಿ ಹೋಯ್ತದಲ್ಲಕ್ಕ."

"ಹೋಗಲ್ಲ, ನಾವ್ ಕೊಡ್ತೀವಿ," ಎಂದರು ಕಲ್ಲೇಶಪ್ಪ. "ನಾವು ಎಂಟು ತಿಂಗ್ಳು ಕಾದು ಒಂದ್ ಬೆರಳು ಕಳ್ಕೊಂಡ್ವಿ. ನೀನ್ ಕಾಯ್ಬೇಡ."

ಗುರುವಾರ ಮೊದಲ ಬಸ್ಸಿನಲ್ಲಿ ಮೂವರೂ ಹೋದರು. ಮುತ್ತಿಯ ಎಕ್ಸ್‌ರೇಯಲ್ಲಿ ಮೂಳೆ ಇನ್ನೂ ಸವೆದಿರಲಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಗಾಯವಾದಾಗ ಬರುವ ಊತಕ್ಕೆ ಹೆದರಬೇಡಿ, ಅದು ದೇಹ ತನ್ನನ್ನು ಕಾಯುವ ರೀತಿ. ಆದರೆ ಕೆಂಪು ಹರಡುತ್ತಾ ಹೋದರೆ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕೀಲುಗಳ ಊತ ಆರು ವಾರವಾದರೂ ಇಳಿಯದಿದ್ದರೆ, ಬೆಳಿಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕೈಕಾಲು ಬಿಗಿಯುತ್ತಿದ್ದರೆ, ವಯಸ್ಸು ಎನ್ನಬೇಡಿ, ಚಳಿ ಎನ್ನಬೇಡಿ. ಹೆಸರಿಲ್ಲದ ಪುಡಿ, ಮಾತ್ರೆಗಳನ್ನು ನುಂಗಬೇಡಿ. ಈಗಾಗಲೇ ನುಂಗುತ್ತಿದ್ದರೆ ಬಚ್ಚಿಡದೆ ಡಾಕ್ಟರಿಗೆ ತೋರಿಸಿ. ಔಷಧಿ ಶುರುವಾದ ಮೇಲೆ ನಡುವೆ ಬಿಡಬೇಡಿ.

ನಮ್ಮ ಮನೆಗಳಲ್ಲಿ ಹೆಂಗಸರು ನೋವನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುತ್ತಾರೆ. ಕೇಳುವವರು ಯಾರಾದರೂ ಬೇಕು. ನಾಳೆ ಬೆಳಿಗ್ಗೆ ಎದ್ದ ಕೂಡಲೇ ನಿಮ್ಮ ತಾಯಿಗೆ, ಹೆಂಡತಿಗೆ, ಪಕ್ಕದ ಮನೆಯವರಿಗೆ ಒಮ್ಮೆ ಮುಷ್ಟಿ ಕಟ್ಟಿ ತೋರಿಸಲು ಹೇಳಿ. ಮಡಚದ ಕೈ ಕಂಡರೆ, ಆ ಕೈ ಹಿಡಿದು ನೀವೇ ಬಸ್ಸು ಹತ್ತಿಸಿ.